ಲೈಬ್ರರಿ ಮೆಟಾಡೇಟಾ ಒಂದು ಎಕ್ಸ್‌ಎಂಎಲ್ ರೂಪದಿಂದ ಇನ್ನೊಂದಕ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನ ಒಂದು ಕಾಲೇಜು ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಕ್ಯಾಟಲಾಗ್ ಕೋಹಾ ಎಂಬ ಲೈಬ್ರರಿ ಸಾಫ್ಟ್‌ವೇರ್‌ನಲ್ಲಿದೆ. ಪಿಎಚ್‌ಡಿ ಪ್ರಬಂಧಗಳು, ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳು ಡಿಸ್ಪೇಸ್ ಎಂಬ ರೆಪಾಸಿಟರಿ (ಡಿಜಿಟಲ್ ಭಂಡಾರ) ಸಾಫ್ಟ್‌ವೇರ್‌ನಲ್ಲಿವೆ. ಒಂದರಿಂದ ಇನ್ನೊಂದಕ್ಕೆ ಮೆಟಾಡೇಟಾ, ಅಂದರೆ ಶೀರ್ಷಿಕೆ, ಲೇಖಕ, ಇಸವಿಯಂಥ ವಿವರ, ಸಾಗಿಸುವ ಕೆಲಸ ಹಲವು ವರ್ಷಗಳಿಂದ ನನ್ನದು. ಜಯನಗರ, ಯಶವಂತಪುರ, ಕೆಂಗೇರಿ ಕಡೆಯ ಲೈಬ್ರರಿಗಳ ಗೆಳೆಯರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ. ಕನ್ನಡ ಪುಸ್ತಕಗಳ ರೆಕಾರ್ಡ್‌ಗಳಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಕೆಲಸ ಕೆಡುವುದು ಹೆಚ್ಚಾಗಿ ಅಲ್ಲೇ.

## ಇರುವ ಮೆಟಾಡೇಟಾವನ್ನು ಬೇರೆ ರೂಪಕ್ಕೆ ಯಾಕೆ ಬದಲಿಸಬೇಕು?

ಒಂದೊಂದು ವ್ಯವಸ್ಥೆಗೂ ತನ್ನದೇ ಭಾಷೆ ಇದೆ. ಕೋಹಾ ಮಾರ್ಕ್ ಎಂಬ ರೂಪದಲ್ಲಿ ದಾಖಲೆ ಇಡುತ್ತದೆ. ಮಾರ್ಕ್ ಹುಟ್ಟಿದ್ದು 1960ರ ದಶಕದಲ್ಲಿ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ. ಹೆನ್ರಿಯೆಟ್ ಆವ್ರಮ್ ಅವರ ನೇತೃತ್ವದಲ್ಲಿ ಅದು ರೂಪುಗೊಂಡಿತು. ಅಲ್ಲಿ ಎಲ್ಲವೂ ಅಂಕಿ: ಶೀರ್ಷಿಕೆ ಅಂದರೆ 245, ಲೇಖಕ ಅಂದರೆ 100, ವಿಷಯ ಅಂದರೆ 650. ಇಂಥ ಒಂದೊಂದು ಜಾಗವೂ ಒಂದು ಫೀಲ್ಡ್, ಅದರೊಳಗಿನ ಭಾಗಗಳು ಸಬ್‌ಫೀಲ್ಡ್. ಡಿಸ್ಪೇಸ್ ಬಳಸುವುದು ಡಬ್ಲಿನ್ ಕೋರ್ ಮಾದರಿಯ ಹೆಸರುಗಳನ್ನು. ಡಬ್ಲಿನ್ ಕೋರ್ 1995ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಡಬ್ಲಿನ್ ಊರಿನಲ್ಲಿ ನಡೆದ ಸಭೆಯಿಂದ ಬಂದದ್ದು. ಅದರ ಸರಳ ರೂಪದಲ್ಲಿ ಇರುವುದು 15 ಅಂಶಗಳು ಮಾತ್ರ. ಇವೆರಡರ ಮಧ್ಯೆ ಮಾಡ್ಸ್ ಇದೆ. ಅದು ಲೈಬ್ರರಿ ಆಫ್ ಕಾಂಗ್ರೆಸ್ 2002ರಲ್ಲಿ ತಂದದ್ದು. ಮಾರ್ಕ್‌ನ ವಿವರ ಬಹುಪಾಲು ಉಳಿಯುತ್ತದೆ, ಆದರೆ ಅಂಕಿಗಳ ಬದಲು ಓದಿ ಅರ್ಥ ಮಾಡಿಕೊಳ್ಳುವ ಹೆಸರುಗಳಿವೆ.

ಪುಸ್ತಕ ಒಂದೇ. ಆದರೆ ಅದು ಕ್ಯಾಟಲಾಗ್‌ನಲ್ಲೂ ಸಿಗಬೇಕು, ರೆಪಾಸಿಟರಿಯಲ್ಲೂ ಸಿಗಬೇಕು, ಹೊರಗಿನವರು ಮೆಟಾಡೇಟಾ ಸಂಗ್ರಹಿಸಿದರೆ ಅವರ ಹುಡುಕಾಟದಲ್ಲೂ ಸಿಗಬೇಕು. ಮೂರು ಸಲ ಟೈಪ್ ಮಾಡುವುದಕ್ಕೆ ಯಾರಿಗೂ ಸಮಯ ಇಲ್ಲ. ಮೂರು ಸಲ ಟೈಪ್ ಮಾಡಿದರೆ ಮೂರು ಬಗೆಯ ತಪ್ಪುಗಳೂ ಸೇರಿಕೊಳ್ಳುತ್ತವೆ. ಅದಕ್ಕೇ ಒಂದು ರೂಪವನ್ನು ಇನ್ನೊಂದಕ್ಕೆ ಬದಲಿಸುವ ಸ್ಟೈಲ್‌ಶೀಟ್ ಬರೆಯುತ್ತೇವೆ.

## ಸ್ಟೈಲ್‌ಶೀಟ್ ಅಂದರೆ ಬಣ್ಣ, ಅಕ್ಷರದ ಗಾತ್ರ ಹೇಳುವುದು ಅಲ್ವಾ?

ವೆಬ್ ಪುಟದ ಸಿಎಸ್‌ಎಸ್ ಅಂಥದ್ದು. ನಾವು ಮಾತಾಡುತ್ತಿರುವುದು ಎಕ್ಸ್‌ಎಸ್‌ಎಲ್‌ಟಿ ಬಗ್ಗೆ. ಅದರ ಮೊದಲ ಆವೃತ್ತಿ 1999ರ ನವೆಂಬರ್ 16ರಂದು ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಶಿಫಾರಸಾಗಿ ಬಂತು. ಎಕ್ಸ್‌ಎಂಎಲ್ ಅಂದರೆ ಒಂದೊಂದು ವಿವರಕ್ಕೂ ಹೆಸರಿನ ಗುರುತು ಹಾಕಿ, ಮರದ ಕೊಂಬೆಗಳಂತೆ ಒಂದರೊಳಗೊಂದು ಜೋಡಿಸಿಡುವ ಪಠ್ಯದ ರೂಪ. ಒಂದು ಎಕ್ಸ್‌ಎಂಎಲ್ ಮರವನ್ನು ಓದಿ, ಇನ್ನೊಂದು ಮರವನ್ನು ಕಟ್ಟುವುದು ಅದರ ಕೆಲಸ.

ಒಳಗೆ ಟೆಂಪ್ಲೇಟ್‌ಗಳಿರುತ್ತವೆ. ಒಂದೊಂದು ಟೆಂಪ್ಲೇಟ್ ಒಂದೊಂದು ನಿಯಮ. "245 ಎಂಬ ಫೀಲ್ಡ್ ಕಂಡರೆ, ಅದರ ಎ ಮತ್ತು ಬಿ ಸಬ್‌ಫೀಲ್ಡ್‌ಗಳನ್ನು ಸೇರಿಸಿ, ಟೈಟಲ್ ಎಂಬ ಅಂಶದೊಳಗೆ ಬರೆ." ಇಷ್ಟೇ. ಮೊದಲು ಇದನ್ನು ಮಾಡು, ಆಮೇಲೆ ಅದನ್ನು ಮಾಡು ಎಂದು ಹೇಳುವ ಪ್ರೋಗ್ರಾಂ ಇದಲ್ಲ. ಏನು ಕಂಡರೆ ಏನು ಬರೆಯಬೇಕು ಎಂದು ಹೇಳುವ ನಿಯಮಗಳ ಪಟ್ಟಿ. ಕ್ಯಾಟಲಾಗಿಂಗ್ ನಿಯಮಗಳನ್ನು ಓದಿ ರೂಢಿ ಇರುವವರಿಗೆ ಇದು ಬೇಗ ಹತ್ತುತ್ತದೆ. ಕಂಪ್ಯೂಟರ್ ಸೈನ್ಸ್ ಓದಿದವರಿಗಿಂತ ಬೇಗ ಕಲಿತ ಲೈಬ್ರೇರಿಯನ್‌ಗಳನ್ನು ನೋಡಿದ್ದೇನೆ.

## ಎಲ್ಲಿಂದ ಶುರು ಮಾಡಲಿ?

ಕಂಪ್ಯೂಟರ್‌ನಿಂದ ಬೇಡ. ಒಂದು ದೊಡ್ಡ ಹಾಳೆಯಿಂದ ಶುರು ಮಾಡಿ. ಎಡಗಡೆ ನಿಮ್ಮ ರೆಕಾರ್ಡ್‌ಗಳಲ್ಲಿ ನಿಜವಾಗಿ ಇರುವ ಫೀಲ್ಡ್‌ಗಳನ್ನು ಬರೆಯಿರಿ. ಬಲಗಡೆ ಅವು ಎಲ್ಲಿಗೆ ಹೋಗಬೇಕು ಅಂತ ಬರೆಯಿರಿ. ಮೂರನೇ ಕಾಲಂನಲ್ಲಿ "ಯಾಕೆ" ಅಂತ ಬರೆಯಿರಿ.

"ನಿಜವಾಗಿ ಇರುವ" ಅನ್ನುವ ಮಾತು ಮುಖ್ಯ. ಕೈಪಿಡಿಯಲ್ಲಿ ಏನಿರಬೇಕು ಅಂತಿದೆಯೋ ಅದು ಬೇರೆ, ಇಪ್ಪತ್ತು ವರ್ಷಗಳಲ್ಲಿ ಎಂಟು ಹತ್ತು ಜನ ಸೇರಿ ಟೈಪ್ ಮಾಡಿದ ಡೇಟಾದಲ್ಲಿ ಏನಿದೆಯೋ ಅದು ಬೇರೆ. ಯಾವುದೋ ಬ್ಯಾಚ್‌ನಲ್ಲಿ ಪ್ರಕಾಶಕರ ಹೆಸರು ಊರಿನ ಸಬ್‌ಫೀಲ್ಡ್‌ನಲ್ಲಿ ಕೂತಿರುತ್ತದೆ. ಇನ್ನೊಂದರಲ್ಲಿ ದಾನ ಕೊಟ್ಟವರ ಹೆಸರು ಲೇಖಕರ ಜಾಗದಲ್ಲಿರುತ್ತದೆ. ಸ್ಟೈಲ್‌ಶೀಟ್ ಅದನ್ನು ತಿದ್ದುವುದಿಲ್ಲ. ಅದೇ ತಪ್ಪನ್ನು ಹೊಸ ಜಾಗಕ್ಕೆ ನಿಷ್ಠೆಯಿಂದ ಸಾಗಿಸುತ್ತದೆ.

ಹಾಳೆ ಮುಂದಿಟ್ಟುಕೊಂಡು, ಆ ಪುಸ್ತಕಗಳನ್ನು ಕ್ಯಾಟಲಾಗ್ ಮಾಡಿದವರ ಜೊತೆ ಕೂತುಕೊಳ್ಳಿ. ಅವರು ರಿಟೈರ್ ಆಗಿದ್ದರೆ ಫೋನ್ ಮಾಡಿ. "ಮೇಡಂ, 500ರಲ್ಲಿ ಯಾಕೆ ಎಲ್ಲಾ ಕಡೆ ಒಂದು ನಂಬರ್ ಇದೆ?" ಅಂತ ಕೇಳಿದರೆ, "ಅದು ಹಳೇ ರಿಜಿಸ್ಟರ್‌ನ ಅಕ್ಸೆಷನ್ ನಂಬರ್ ಕಣಪ್ಪ" ಅಂತ ಒಂದೇ ಮಾತಿನಲ್ಲಿ ಬಿಡಿಸಿಬಿಡುತ್ತಾರೆ. ಈ ಹಾಳೆ ಸರಿಯಾಗಿದ್ದರೆ ಸ್ಟೈಲ್‌ಶೀಟ್ ಬರೆಯುವುದು ಎರಡು ಮೂರು ದಿನದ ಕೆಲಸ. ಹಾಳೆ ಇಲ್ಲದೆ ಬರೆಯಲು ಕೂತರೆ ತಿಂಗಳಾದರೂ ಮುಗಿಯುವುದಿಲ್ಲ.

## ಸ್ವಂತವಾಗಿಯೇ ಬರೆಯಬೇಕಾ? ಸಿದ್ಧವಾಗಿರುವುದು ಸಿಗುತ್ತದಾ?

ಸಿಗುತ್ತದೆ. ಮಾರ್ಕ್‌ಎಕ್ಸ್‌ಎಂಎಲ್‌ನಿಂದ (ಮಾರ್ಕ್ ದಾಖಲೆಯ ಎಕ್ಸ್‌ಎಂಎಲ್ ರೂಪ) ಮಾಡ್ಸ್‌ಗೆ, ಮಾರ್ಕ್‌ಎಕ್ಸ್‌ಎಂಎಲ್‌ನಿಂದ ಡಬ್ಲಿನ್ ಕೋರ್‌ಗೆ, ಮಾಡ್ಸ್‌ನಿಂದ ಡಬ್ಲಿನ್ ಕೋರ್‌ಗೆ ಬದಲಿಸುವ ಸ್ಟೈಲ್‌ಶೀಟ್‌ಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ತಾಣದಲ್ಲಿ ಎಲ್ಲರಿಗೂ ಇಟ್ಟಿದೆ. ಅವನ್ನು ಇಳಿಸಿಕೊಂಡು ಮೊದಲು ಓದಿ. ಓಡಿಸುವುದು ಆಮೇಲೆ.

ಆ ಫೈಲನ್ನೇ ನೇರವಾಗಿ ತಿದ್ದಬೇಡಿ. ನಿಮ್ಮದೊಂದು ಚಿಕ್ಕ ಫೈಲ್ ಮಾಡಿ, ಅದರಿಂದ ದೊಡ್ಡದನ್ನು ಇಂಪೋರ್ಟ್ ಮಾಡಿ. ಬದಲಾಗಬೇಕಾದ ನಿಯಮಗಳನ್ನು ಮಾತ್ರ ನಿಮ್ಮ ಫೈಲ್‌ನಲ್ಲಿ ಬರೆಯಿರಿ. ಇಂಪೋರ್ಟ್ ಮಾಡಿಕೊಂಡ ಫೈಲ್‌ನ ನಿಯಮಕ್ಕಿಂತ ನಿಮ್ಮ ನಿಯಮಕ್ಕೆ ಬೆಲೆ ಜಾಸ್ತಿ. ನಾಳೆ ಅವರು ಹೊಸ ಆವೃತ್ತಿ ಬಿಟ್ಟರೂ ನಿಮ್ಮ ತಿದ್ದುಪಡಿಗಳು ನಿಮ್ಮ ಕೈಯಲ್ಲೇ ಇರುತ್ತವೆ.

## ಓಡಿಸಿದೆ. ಔಟ್‌ಪುಟ್ ಖಾಲಿ ಬಂತು. ಇಲ್ಲವೇ ಎಲ್ಲಾ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಬಂದವು. ಯಾಕೆ?

ನನಗೆ ಬರುವ ಫೋನ್‌ಗಳಲ್ಲಿ ಅರ್ಧಕ್ಕರ್ಧ ಇದೇ. ಕಾರಣ ಹತ್ತಕ್ಕೆ ಒಂಬತ್ತು ಸಲ ನೇಮ್‌ಸ್ಪೇಸ್.

ಮಾರ್ಕ್‌ಎಕ್ಸ್‌ಎಂಎಲ್ ಫೈಲ್‌ನ ತಲೆಯಲ್ಲಿ ಒಂದು ವೆಬ್ ವಿಳಾಸದಂಥ ಸಾಲು ಇರುತ್ತದೆ. ಅದೇ ನೇಮ್‌ಸ್ಪೇಸ್. ಆ ಫೈಲ್‌ನ ಎಲ್ಲಾ ಅಂಶಗಳೂ ಆ ಮನೆತನಕ್ಕೆ ಸೇರಿದವು ಎಂದು ಅದರ ಅರ್ಥ. ನೀವು ಸ್ಟೈಲ್‌ಶೀಟ್‌ನಲ್ಲಿ ಸುಮ್ನೆ "ರೆಕಾರ್ಡ್" ಎಂದು ಬರೆದರೆ, ಎಕ್ಸ್‌ಎಸ್‌ಎಲ್‌ಟಿ ಅದನ್ನು "ಯಾವ ಮನೆತನಕ್ಕೂ ಸೇರದ ರೆಕಾರ್ಡ್" ಎಂದು ಓದುತ್ತದೆ. ಅಂಥದ್ದು ಫೈಲ್‌ನಲ್ಲಿ ಒಂದೂ ಇರುವುದಿಲ್ಲ. ಹಾಗಾಗಿ ನಿಮ್ಮ ಟೆಂಪ್ಲೇಟ್ ಒಮ್ಮೆಯೂ ಕೆಲಸ ಮಾಡುವುದಿಲ್ಲ. ದೋಷ ಅಂತ ಸಂದೇಶವೂ ಬರುವುದಿಲ್ಲ.

ನಿಮ್ಮ ನಿಯಮ ಯಾವುದೂ ಹೊಂದದಿದ್ದಾಗ ಎಕ್ಸ್‌ಎಸ್‌ಎಲ್‌ಟಿಯ ಒಳಗೇ ಇರುವ ನಿಯಮಗಳು ಓಡುತ್ತವೆ. ಅವು ಅಂಶಗಳನ್ನು ಬಿಟ್ಟು ಒಳಗಿನ ಪಠ್ಯವನ್ನು ಮಾತ್ರ ಸುರಿಯುತ್ತವೆ. ಅಕ್ಷರಗಳು ಅಂಟಿಕೊಂಡು ಬಂದರೆ "ನನ್ನ ಟೆಂಪ್ಲೇಟ್ ತಾಗಲೇ ಇಲ್ಲ" ಎಂದು ತಿಳಿಯಿರಿ. ಸ್ಟೈಲ್‌ಶೀಟ್‌ನ ತಲೆಯಲ್ಲಿ ಆ ನೇಮ್‌ಸ್ಪೇಸಿಗೆ ಒಂದು ಚಿಕ್ಕ ಹೆಸರು ಕೊಡಿ. ಆಮೇಲೆ ಪ್ರತಿ ಅಂಶದ ಮುಂದೆ ಆ ಹೆಸರು ಹಾಕಿ. ನೇಮ್‌ಸ್ಪೇಸಿನ ವಿಳಾಸ ಒಂದಕ್ಷರ ಹೆಚ್ಚುಕಮ್ಮಿ ಇಲ್ಲದೆ ಹೊಂದಬೇಕು. ಕೊನೆಯ ಓರೆಗೆರೆ ಒಂದು ಜಾಸ್ತಿ ಬಿದ್ದರೂ ಅದು ಬೇರೆಯೇ ಮನೆತನ.

## ಕನ್ನಡ ಶೀರ್ಷಿಕೆಗಳು ಮಾಯವಾಗಿವೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದು ಮಾತ್ರ ಬಂದಿದೆ. ಎಲ್ಲಿ ಹೋದವು?

880ನೇ ಫೀಲ್ಡ್‌ನಲ್ಲಿ ನೋಡಿ.

ಮಾರ್ಕ್‌ನಲ್ಲಿ ಕನ್ನಡ ಪುಸ್ತಕವನ್ನು ದಾಖಲಿಸಲು ಎರಡು ದಾರಿಗಳಿವೆ. ಒಂದು, 245ರಲ್ಲೇ ನೇರವಾಗಿ ಕನ್ನಡ ಲಿಪಿಯಲ್ಲಿ ಬರೆಯುವುದು. ಇನ್ನೊಂದು, 245ರಲ್ಲಿ ರೋಮನ್ ಲಿಪಿಯಲ್ಲಿ ಬರೆದು, ಕನ್ನಡ ರೂಪವನ್ನು 880ರಲ್ಲಿ ಇಡುವುದು. ಎರಡಕ್ಕೂ ಗಂಟು ಹಾಕುವುದು 6 ಎಂಬ ಸಬ್‌ಫೀಲ್ಡ್. 880ರ ಒಳಗಿನ ಆ ಸಬ್‌ಫೀಲ್ಡ್ "245-01" ಎಂದು ಶುರುವಾದರೆ, ಇದು ಶೀರ್ಷಿಕೆಯ ಕನ್ನಡ ರೂಪ ಎಂದರ್ಥ. ಹೊರಗಿನ ಕ್ಯಾಟಲಾಗ್‌ಗಳಿಂದ ಇಳಿಸಿಕೊಂಡ ರೆಕಾರ್ಡ್‌ಗಳು ಹೆಚ್ಚಾಗಿ ಎರಡನೇ ಬಗೆಯವು. ನಮ್ಮವರೇ ಟೈಪ್ ಮಾಡಿದವು ಹೆಚ್ಚಾಗಿ ಮೊದಲನೇ ಬಗೆಯವು. ಒಂದೇ ಕ್ಯಾಟಲಾಗ್‌ನಲ್ಲಿ ಎರಡೂ ಬೆರೆತಿರುತ್ತವೆ.

ಹಿಂದೆ ಇದ್ದ ಲೈಬ್ರರಿಯಲ್ಲಿ ನನ್ನಿಂದಲೇ ಈ ತಪ್ಪಾಯಿತು. ನಾನು ಬರೆದ ಸ್ಟೈಲ್‌ಶೀಟ್ 880 ಅನ್ನು ನೋಡುತ್ತಲೇ ಇರಲಿಲ್ಲ. ರೆಕಾರ್ಡ್‌ಗಳ ಎಣಿಕೆ ಸರಿ ಇತ್ತು, ಎಲ್ಲದಕ್ಕೂ ಶೀರ್ಷಿಕೆ ಇತ್ತು. ನಾಲ್ಕು ತಿಂಗಳಾದ ಮೇಲೆ ಎಂ.ಎ. ವಿದ್ಯಾರ್ಥಿನಿಯೊಬ್ಬಳು ಬಂದು, "ಸರ್, ಕನ್ನಡದಲ್ಲಿ ಟೈಪ್ ಮಾಡಿದರೆ ಒಂದೂ ಪುಸ್ತಕ ಸಿಗುತ್ತಿಲ್ಲ" ಅಂದಳು. ಪುಸ್ತಕ ಕಪಾಟಿನಲ್ಲಿತ್ತು, ಸ್ಕ್ಯಾನ್ ಕೂಡ ಆಗಿತ್ತು. ಕನ್ನಡ ಓದುವವಳಿಗೆ ಕನ್ನಡ ಪುಸ್ತಕ ಸಿಗದ ಹಾಗೆ ಮಾಡಿದ್ದು ನನ್ನ ಮೂರು ಸಾಲು. ಆ ದಿನದ ಬೇಸರ ಇನ್ನೂ ಹೋಗಿಲ್ಲ.

ಈಗ ನಾನು ಮಾಡುವುದು ಹೀಗೆ. 880 ಇದ್ದರೆ, ಅದರ 6ನೇ ಸಬ್‌ಫೀಲ್ಡ್‌ನ ಮೊದಲ ಮೂರು ಅಂಕಿ ತೆಗೆದುಕೊಂಡು ಯಾವ ಫೀಲ್ಡ್‌ನ ಜೋಡಿ ಎಂದು ಗುರುತಿಸುತ್ತೇನೆ. ಕನ್ನಡ ರೂಪವನ್ನು ಮುಖ್ಯ ಶೀರ್ಷಿಕೆ ಮಾಡುತ್ತೇನೆ, ಭಾಷೆಯ ಗುರುತನ್ನೂ ಹಾಕುತ್ತೇನೆ. ರೋಮನ್ ರೂಪವನ್ನು ಪರ್ಯಾಯ ಶೀರ್ಷಿಕೆಯಾಗಿ ಉಳಿಸುತ್ತೇನೆ, ಎಸೆಯುವುದಿಲ್ಲ. ಕನ್ನಡ ಕೀಬೋರ್ಡ್ ಇಲ್ಲದವರಿಗೂ ಪುಸ್ತಕ ಸಿಗಬೇಕಲ್ಲ.

## ಲೇಖಕರ ಹೆಸರನ್ನು ಕುಲನಾಮ, ಸ್ವಂತ ಹೆಸರು ಎಂದು ಸ್ಟೈಲ್‌ಶೀಟ್‌ನಿಂದಲೇ ಬೇರೆ ಮಾಡಬಹುದಾ?

ಕನ್ನಡ ಹೆಸರುಗಳಿಗೆ ಮಾಡಲೇಬೇಡಿ.

ಮಾಡ್ಸ್‌ನಲ್ಲಿ ಹೆಸರಿನ ಭಾಗಗಳಿಗೆ ಬೇರೆ ಬೇರೆ ಜಾಗ ಇದೆ. ಹಾಗಾಗಿ "ಕೊನೆಯ ಖಾಲಿ ಜಾಗದ ನಂತರ ಬರುವುದು ಕುಲನಾಮ" ಎಂಬ ನಿಯಮ ಬರೆಯಲು ಕೈ ತುರಿಸುತ್ತದೆ. ಕುವೆಂಪು ಅವರನ್ನೇ ತೆಗೆದುಕೊಳ್ಳಿ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಕುಪ್ಪಳಿ ಊರು, ವೆಂಕಟಪ್ಪ ತಂದೆ, ಪುಟ್ಟಪ್ಪ ಅವರದೇ ಹೆಸರು. ನಿಯಮ ಓಡಿದರೆ ಅವರ ಸ್ವಂತ ಹೆಸರೇ ಕುಲನಾಮ ಆಗಿಬಿಡುತ್ತದೆ. ಈಗ ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ಇಲ್ಲಿ ಬೇಂದ್ರೆ ನಿಜಕ್ಕೂ ಮನೆತನದ ಹೆಸರು. ಅದೇ ನಿಯಮ ಇಲ್ಲಿ ಸರಿ. ಒಂದೇ ಕಪಾಟಿನ ಎರಡು ಪುಸ್ತಕಗಳಿಗೆ ಒಂದೇ ನಿಯಮ ಹೊಂದುವುದಿಲ್ಲ. ಇನ್ನು ಹೆಸರಿನ ಹಿಂದೆ ಇನಿಷಿಯಲ್ ಇರುವವರು, ಮುಂದೆ ಇರುವವರು, ಕಾವ್ಯನಾಮ ಮಾತ್ರ ಬಳಸುವವರು ಬೇರೆ.

ಮಾರ್ಕ್‌ನ 100ನೇ ಫೀಲ್ಡ್‌ನಲ್ಲಿ ಮೊದಲ ಇಂಡಿಕೇಟರ್ (ಫೀಲ್ಡ್‌ನ ಶುರುವಿನ ಒಂದಂಕಿಯ ಗುರುತು) ಇದನ್ನು ಹೇಳುತ್ತದೆ. 0 ಇದ್ದರೆ ಸ್ವಂತ ಹೆಸರಿನಿಂದ ಶುರು, 1 ಇದ್ದರೆ ಕುಲನಾಮದಿಂದ ಶುರು. ನಿಮ್ಮ ಕ್ಯಾಟಲಾಗರ್ ಅದನ್ನು ಯೋಚಿಸಿ ತುಂಬಿದ್ದಾರೆ ಎಂದು ಗೊತ್ತಿದ್ದರೆ ಮಾತ್ರ ನಂಬಿ. ಎಲ್ಲಾ ರೆಕಾರ್ಡ್‌ನಲ್ಲೂ 1 ಇದ್ದರೆ ಅದು ಯೋಚಿಸಿ ತುಂಬಿದ್ದಲ್ಲ, ಕ್ಯಾಟಲಾಗಿಂಗ್ ಫಾರಂನಿಂದ ತಾನಾಗಿ ಬಂದದ್ದು. ಸಂಶಯ ಇದ್ದರೆ ಹೆಸರನ್ನು ಇದ್ದ ಹಾಗೆ, ಇಡಿಯಾಗಿ ಒಂದೇ ಅಂಶದಲ್ಲಿ ಬರೆಯಿರಿ. ಮಾಡ್ಸ್ ಅದನ್ನು ಒಪ್ಪುತ್ತದೆ.

## ಶೀರ್ಷಿಕೆಯ ಕೊನೆಯಲ್ಲಿ ಓರೆಗೆರೆ, ಹೆಸರಿನ ಕೊನೆಯಲ್ಲಿ ಅಲ್ಪವಿರಾಮ ಬರುತ್ತಿದೆ. ತೆಗೆಯಲೇ?

ತೆಗೆಯಿರಿ. ಅವು ಕ್ಯಾಟಲಾಗ್ ಕಾರ್ಡ್ ಕಾಲದ ವಿರಾಮಚಿಹ್ನೆಗಳು. ಕಾರ್ಡ್‌ನಲ್ಲಿ ಶೀರ್ಷಿಕೆ ಮುಗಿದು ಲೇಖಕರ ಹೆಸರು ಶುರುವಾಗುತ್ತದೆ ಎಂದು ಓರೆಗೆರೆ ಹೇಳುತ್ತಿತ್ತು. ಓರೆಗೆರೆ, ಕೋಲನ್, ಸೆಮಿಕೋಲನ್, ಅಲ್ಪವಿರಾಮ ಕೊನೆಯಲ್ಲಿದ್ದರೆ ಧೈರ್ಯವಾಗಿ ಕಳೆಯಬಹುದು. ಚುಕ್ಕಿಯನ್ನು ಮಾತ್ರ ಮುಟ್ಟಬೇಡಿ. "ಪುಟ್ಟಪ್ಪ, ಕೆ.ವಿ." ಎಂಬಲ್ಲಿ ಕೊನೆಯ ಚುಕ್ಕಿ ಇನಿಷಿಯಲ್‌ನದು.

## ಪ್ರಬಂಧಗಳಿಗೆ ಗೈಡ್ ಹೆಸರು ಸಹಲೇಖಕರಾಗಿ ಬರುತ್ತಿದೆ.

700ನೇ ಫೀಲ್ಡ್‌ನ ಎಲ್ಲರನ್ನೂ ಲೇಖಕರ ಸಾಲಿಗೆ ಕಳುಹಿಸಿದರೆ ಹೀಗಾಗುತ್ತದೆ. 700ರಲ್ಲಿ ಸಂಪಾದಕರು, ಅನುವಾದಕರು, ಗೈಡ್ ಎಲ್ಲರೂ ಇರಬಹುದು. ಯಾರು ಏನು ಎಂದು ಹೇಳುವುದು ಇ ಮತ್ತು 4 ಎಂಬ ಸಬ್‌ಫೀಲ್ಡ್‌ಗಳು. ಅವನ್ನು ನೋಡಿ ದಾರಿ ಬೇರೆ ಮಾಡಿ. ಡಿಸ್ಪೇಸ್‌ನಲ್ಲಿ ಗೈಡ್‌ಗೆ ಅಡ್ವೈಸರ್ ಎಂಬ ಬೇರೆ ಜಾಗವೇ ಇದೆ. ಸಬ್‌ಫೀಲ್ಡ್ ಖಾಲಿ ಇದ್ದರೆ "ಕಾಂಟ್ರಿಬ್ಯೂಟರ್" ಎಂದಷ್ಟೇ ಹಾಕಿ. ಗೊತ್ತಿಲ್ಲದ್ದನ್ನು ಊಹಿಸಿ ಬರೆಯುವುದಕ್ಕಿಂತ ಅದು ಮೇಲು.

## ಇಸವಿ ಜಾಗದಲ್ಲಿ ಕನ್ನಡ ಅಂಕಿ, ಚೌಕ ಕಂಸ, ಪ್ರಶ್ನಾರ್ಥಕ ಚಿಹ್ನೆ ಎಲ್ಲಾ ಇವೆ. ಹೇಗೆ ಸರಿ ಮಾಡಲಿ?

ಕನ್ನಡ ಅಂಕಿಗಳದು ಸುಲಭ. ಎಕ್ಸ್‌ಪಾತ್‌ನ (ಎಕ್ಸ್‌ಎಸ್‌ಎಲ್‌ಟಿ ಒಳಗೆ ಬೇಕಾದ ಅಂಶವನ್ನು ಆರಿಸುವ ಭಾಷೆ) ಟ್ರಾನ್ಸ್‌ಲೇಟ್ ಫಂಕ್ಷನ್‌ಗೆ ಒಂದು ಕಡೆ ೦ಯಿಂದ ೯ರವರೆಗೆ, ಇನ್ನೊಂದು ಕಡೆ 0ಯಿಂದ 9ರವರೆಗೆ ಕೊಡಿ. ೧೯೮೭ ಇದ್ದದ್ದು 1987 ಆಗುತ್ತದೆ. ಒಂದೇ ಸಾಲು, ಹಳೆಯ 1.0 ಆವೃತ್ತಿಯಲ್ಲೂ ನಡೆಯುತ್ತದೆ. ಟೈಪ್ ಮಾಡಿದವರು ಸೊನ್ನೆಯ ಬದಲು ಅನುಸ್ವಾರ ಹೊಡೆದಿರುತ್ತಾರೆ, ನೋಡಲು ಒಂದೇ ಥರ ಕಾಣುತ್ತದೆ. ಅದನ್ನೂ ಆ ಪಟ್ಟಿಗೆ ಸೇರಿಸಿ.

ಚೌಕ ಕಂಸ, ಪ್ರಶ್ನೆ ಚಿಹ್ನೆ ಇದ್ದರೆ 008ನೇ ಫೀಲ್ಡ್ ನೋಡಿ. ಶೂನ್ಯದಿಂದ ಎಣಿಸಿದರೆ 7ರಿಂದ 10ರವರೆಗಿನ ನಾಲ್ಕು ಜಾಗಗಳಲ್ಲಿ ಇಸವಿ ಶುದ್ಧ ಅಂಕಿಯಲ್ಲಿ ಇರಬೇಕು. ಒಂದು ಎಚ್ಚರ: ಎಕ್ಸ್‌ಪಾತ್ ಎಣಿಸುವುದು 1ರಿಂದ. ಹಾಗಾಗಿ 8ನೇ ಅಕ್ಷರದಿಂದ ನಾಲ್ಕು ಎಂದು ಬರೆಯಬೇಕು. ಭಾಷೆಯ ಸಂಕೇತಕ್ಕೂ ಇದೇ ಲೆಕ್ಕ. ಅದು 35ರಿಂದ 37, ಎಕ್ಸ್‌ಪಾತ್‌ನಲ್ಲಿ 36ರಿಂದ ಮೂರು.

ಹಳೆಯ ಪುಸ್ತಕಗಳಲ್ಲಿ ಶಾಲಿವಾಹನ ಶಕದ ವರ್ಷ ಇರುತ್ತದೆ. 78 ಕೂಡಿಸಿದರೆ ಇಸವಿ ಬರುತ್ತದೆ. ಆದರೆ ಶಕ ವರ್ಷ ಶುರುವಾಗುವುದು ಯುಗಾದಿಗೆ. ಪುಷ್ಯ, ಮಾಘದ ಕಡೆ ಅಚ್ಚಾದ ಪುಸ್ತಕಕ್ಕೆ 79 ಕೂಡಿಸಬೇಕಾಗುತ್ತದೆ. ಆದ್ದರಿಂದ ಲೆಕ್ಕ ಹಾಕಿದ ಇಸವಿಯನ್ನು ಹುಡುಕಾಟಕ್ಕೆ ಕೊಡಿ, ಪುಸ್ತಕದ ಮೇಲೆ ಇದ್ದದ್ದನ್ನು ಟಿಪ್ಪಣಿಯಲ್ಲಿ ಹಾಗೇ ಉಳಿಸಿ.

## ಎರಡು ಪದಗಳು ಕಣ್ಣಿಗೆ ಒಂದೇ. ಆದರೂ ಕಂಪ್ಯೂಟರ್ ಬೇರೆ ಬೇರೆ ಎನ್ನುತ್ತದೆ. ಯಾಕೆ?

ಕನ್ನಡದ ಕೆಲವು ಸ್ವರಚಿಹ್ನೆಗಳನ್ನು ಯುನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು. "ಕೋ" ಎಂಬುದರಲ್ಲಿ ಓತ್ವದ ಚಿಹ್ನೆ ಒಂದೇ ಸಂಕೇತವಾಗಿರಬಹುದು. ಇಲ್ಲವೇ ಎತ್ವ, ಊತ್ವದ ಕೊಂಬು, ದೀರ್ಘ ಎಂದು ಮೂರು ಸಂಕೇತಗಳಾಗಿ ಬಿಡಿಬಿಡಿಯಾಗಿ ಇರಬಹುದು. ಪರದೆಯ ಮೇಲೆ ಎರಡೂ ಒಂದೇ. ದೀರ್ಘ ಈ, ಏ, ಐ, ಒ ಚಿಹ್ನೆಗಳಿಗೂ ಹೀಗೇ. ಎಕ್ಸ್‌ಎಸ್‌ಎಲ್‌ಟಿ 2.0ರಿಂದ ಮುಂದೆ ನಾರ್ಮಲೈಸ್ ಯುನಿಕೋಡ್ ಎಂಬ ಫಂಕ್ಷನ್ ಇದೆ. ಪ್ರತಿ ಪಠ್ಯವನ್ನೂ ಅದರ ಮೂಲಕ ಹಾಯಿಸಿ. ಎಲ್ಲವೂ ಒಂದೇ ರೂಪಕ್ಕೆ ಬರುತ್ತವೆ.

ಇನ್ನೊಂದು, ಕಣ್ಣಿಗೆ ಕಾಣದ ಜೋಡಣೆ ಚಿಹ್ನೆಗಳು. "ರಾಜ್‌ಕುಮಾರ್" ಎಂದು ಜ ಮತ್ತು ಕ ಬೇರೆಯಾಗಿ ಕಾಣಲು ಮಧ್ಯೆ ಒಂದು ಕಾಣದ ಅಕ್ಷರ ಇರುತ್ತದೆ. ಅದಿಲ್ಲದಿದ್ದರೆ "ರಾಜ್ಕುಮಾರ್" ಆಗುತ್ತದೆ. ನಾರ್ಮಲೈಸ್ ಯುನಿಕೋಡ್ ಇದನ್ನು ಮುಟ್ಟುವುದಿಲ್ಲ. ಖಾಲಿ ಜಾಗ ಸರಿಪಡಿಸುವ ನಾರ್ಮಲೈಸ್ ಸ್ಪೇಸ್ ಕೂಡ ಮುಟ್ಟುವುದಿಲ್ಲ. ಕೆಲವರು ಈ ಅಕ್ಷರವನ್ನು ಎಲ್ಲಾ ಕಡೆಯಿಂದ ಅಳಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಓದುವವರ ಕಣ್ಣಿಗೆ ಪದ ಕೆಡುತ್ತದೆ. ಎರಡು ರೆಕಾರ್ಡ್ ಒಂದೇನಾ ಎಂದು ಹೋಲಿಸುವಾಗ ಮಾತ್ರ ತೆಗೆದು ಹೋಲಿಸಿ. ತೋರಿಸುವ ಪಠ್ಯದಲ್ಲಿ ಇರಲಿ.

## ನಮ್ಮ ಹಳೆಯ ಡೇಟಾ ನುಡಿ, ಬರಹದ ಹಳೆಯ ಫಾಂಟ್‌ನಲ್ಲಿದೆ. ಸ್ಟೈಲ್‌ಶೀಟ್‌ನಲ್ಲೇ ಯುನಿಕೋಡ್ ಮಾಡಬಹುದಾ?

ಬೇಡ. ಅದನ್ನು ಮೊದಲೇ ಬೇರೆ ಕನ್ವರ್ಟರ್‌ನಲ್ಲಿ ಮಾಡಿಕೊಳ್ಳಿ. ಆ ಫಾಂಟ್‌ಗಳಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂತಿರುತ್ತವೆ. "ಸೂರ್ಯ" ಎಂಬಲ್ಲಿ ಅರ್ಕಾವತ್ತು ಯಕಾರದ ನಂತರ ಬರುತ್ತದೆ. ಯುನಿಕೋಡ್‌ನಲ್ಲಿ ರಕಾರ ಮೊದಲು, ಯಕಾರ ಆಮೇಲೆ. ಬರೀ ಒಂದಕ್ಷರಕ್ಕೆ ಇನ್ನೊಂದು ಅಕ್ಷರ ಹಾಕಿದರೆ ಸಾಲದು, ಕ್ರಮವೂ ಬದಲಾಗಬೇಕು. ಕನ್ವರ್ಟ್ ಮಾಡಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಮತ್ತು ಒಂದೇ ಶೀರ್ಷಿಕೆಯಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇರುವ ರೆಕಾರ್ಡ್‌ಗಳನ್ನು ಕಣ್ಣಿಟ್ಟು ಓದಿ. ಇಂಗ್ಲಿಷ್ ಪದವೂ ಕನ್ನಡ ಅಕ್ಷರಗಳ ರಾಶಿಯಾಗಿ ಬದಲಾಗಿರುವುದು ಅಲ್ಲಿ ಸಿಗುತ್ತದೆ.

## ಭಾಷೆಯ ಸಂಕೇತಕ್ಕೆ ಏನು ಹಾಕಲಿ?

ಮಾರ್ಕ್‌ನಲ್ಲಿ ಕನ್ನಡಕ್ಕೆ ಕೆ, ಎ, ಎನ್ ಎಂಬ ಮೂರಕ್ಷರ. ಎಕ್ಸ್‌ಎಂಎಲ್‌ನ ಭಾಷಾ ಗುರುತಿಗೆ ಕೆ, ಎನ್ ಎಂಬ ಎರಡಕ್ಷರ. ಮಧ್ಯೆ ಒಂದು ಚಿಕ್ಕ ಪಟ್ಟಿ ಇಟ್ಟು ಬದಲಿಸಿ. ಡಿಸ್ಪೇಸ್‌ಗೆ ತುಂಬುವಾಗ ಎಲ್ಲಕ್ಕೂ ಅಮೆರಿಕನ್ ಇಂಗ್ಲಿಷ್ ಎಂದು ಬಿದ್ದಿದೆಯೇ ನೋಡಿಕೊಳ್ಳಿ.

ತುಳು ಪುಸ್ತಕಗಳಿದ್ದರೆ ಸ್ವಲ್ಪ ನಿಲ್ಲಿ. ಐಎಸ್‌ಒ 639-2 ಎಂಬ ಭಾಷಾ ಸಂಕೇತಗಳ ಪಟ್ಟಿಯಲ್ಲಿ ತುಳುವಿಗೆ ಸ್ವಂತ ಸಂಕೇತ ಇಲ್ಲ. 639-3ರಲ್ಲಿ ಟಿ, ಸಿ, ವೈ ಎಂದು ಇದೆ. ತುಳು ಪುಸ್ತಕ ಕನ್ನಡ ಲಿಪಿಯಲ್ಲಿದೆ ಎಂದು ಕನ್ನಡ ಎಂದು ಹಾಕುವುದು ಸರಿಯಲ್ಲ. ಕೊಡವ ಪುಸ್ತಕಗಳಿಗೂ ಇದೇ ಮಾತು. ಲಿಪಿ ಬೇರೆ, ಭಾಷೆ ಬೇರೆ.

## ಯಾವ ಆವೃತ್ತಿ, ಯಾವ ಸಾಫ್ಟ್‌ವೇರ್?

ಲಿನಕ್ಸ್‌ನಲ್ಲಿ ಸಿಗುವ ಎಕ್ಸ್‌ಎಸ್‌ಎಲ್‌ಟಿ ಪ್ರಾಕ್ ಹಗುರ, ವೇಗ, ಆದರೆ 1.0 ಮಾತ್ರ. 2.0 ಬಂದದ್ದು 2007ರಲ್ಲಿ, 3.0 ಬಂದದ್ದು 2017ರಲ್ಲಿ. ಅವಕ್ಕೆ ಸ್ಯಾಕ್ಸನ್ ಎಂಬ ಸಾಫ್ಟ್‌ವೇರ್ ಬೇಕು. ಅದರ ಎಚ್‌ಇ ಆವೃತ್ತಿ ಉಚಿತ. ಸ್ವತಂತ್ರವಾಗಿ ಓಡಿಸುವ ಕೆಲಸಕ್ಕೆ ಸ್ಯಾಕ್ಸನ್ ತೆಗೆದುಕೊಳ್ಳಿ. ಕನ್ನಡಕ್ಕೆ ಬೇಕಾದ ನಾರ್ಮಲೈಸ್ ಯುನಿಕೋಡ್, ಪದ ಬಿಡಿಸುವ ಟೋಕನೈಸ್, ರೆಗ್ಯುಲರ್ ಎಕ್ಸ್‌ಪ್ರೆಶನ್ ಯಾವುದೂ 1.0ರಲ್ಲಿ ಇಲ್ಲ. ಕೋಹಾ ಅಥವಾ ಡಿಸ್ಪೇಸ್ ಒಳಗೆ ಓಡುವ ಸ್ಟೈಲ್‌ಶೀಟ್ ಆದರೆ, ಪಕ್ಕದಲ್ಲಿರುವ ಫೈಲ್‌ಗಳು ಯಾವ ಆವೃತ್ತಿಯಲ್ಲಿ ಬರೆದಿವೆಯೋ ಅದರಲ್ಲೇ ಬರೆಯಿರಿ.

## ಡಬ್ಲಿನ್ ಕೋರ್‌ನಿಂದ ಮತ್ತೆ ಮಾರ್ಕ್‌ಗೆ ಬರಬಹುದಾ?

ಫೈಲ್ ಬರುತ್ತದೆ, ಕಳೆದುಹೋದ ವಿವರ ಬರುವುದಿಲ್ಲ. ರಾಗಿ ಬೀಸಿ ಹಿಟ್ಟು ಮಾಡಿದ ಮೇಲೆ ಕಾಳು ಮತ್ತೆ ಸಿಗುತ್ತದಾ? 245 ಮತ್ತು 246 (ಪರ್ಯಾಯ ಶೀರ್ಷಿಕೆ) ಎರಡೂ ಟೈಟಲ್ ಆಗಿದ್ದರೆ, ಯಾವುದು ಮುಖ್ಯ ಶೀರ್ಷಿಕೆ ಎಂದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಮೂಲ ಮಾರ್ಕ್ ಫೈಲ್ ಅನ್ನು ದಿನಾಂಕ ಹಾಕಿ ಎರಡು ಕಡೆ ಇಡಿ. ವಿವರ ಉಳಿಯಬೇಕಾದ ಕಡೆ ಮಾಡ್ಸ್ ಬಳಸಿ, ಅದರಿಂದ ಡಬ್ಲಿನ್ ಕೋರ್ ಮಾಡಿ.

## ನಮ್ಮ ರೆಪಾಸಿಟರಿಯನ್ನು ಹೊರಗಿನವರು ಹಾರ್ವೆಸ್ಟ್ ಮಾಡುತ್ತಾರಂತೆ. ಅಲ್ಲಿ ಸ್ಟೈಲ್‌ಶೀಟ್‌ಗೆ ಏನು ಕೆಲಸ?

ಬಹಳ ಕೆಲಸ ಇದೆ. ಹಾರ್ವೆಸ್ಟ್, ಅಂದರೆ ಹೊರಗಿನವರು ನಮ್ಮ ಮೆಟಾಡೇಟಾ ಸಂಗ್ರಹಿಸುವುದು, ನಡೆಯುವುದು ಒಎಐ-ಪಿಎಂಎಚ್ ಎಂಬ ನಿಯಮದ ಮೇಲೆ. ಈಗ ಬಳಕೆಯಲ್ಲಿರುವ 2.0 ಆವೃತ್ತಿ 2002ರದು. ಎಲ್ಲರೂ ಸರಳ ಡಬ್ಲಿನ್ ಕೋರ್ ಕೊಡಲೇಬೇಕು, ಬೇಕಾದರೆ ಬೇರೆ ರೂಪಗಳನ್ನೂ ಕೊಡಬಹುದು. ಡಿಸ್ಪೇಸ್ ತನ್ನೊಳಗಿನ ಮೆಟಾಡೇಟಾವನ್ನು ಹೊರಗೆ ಕೊಡುವಾಗ ಪ್ರತಿ ರೂಪಕ್ಕೂ ಒಂದು ಎಕ್ಸ್‌ಎಸ್‌ಎಲ್‌ಟಿ ಫೈಲ್ ಬಳಸುತ್ತದೆ. ಗೈಡ್ ಹೆಸರು ಹೊರಗೆ ಹೇಗೆ ಕಾಣಬೇಕು ಎಂಬುದು ಆ ಫೈಲ್‌ನಲ್ಲಿ ತೀರ್ಮಾನವಾಗುತ್ತದೆ. ಅದನ್ನು ತಿದ್ದಿದ ಮೇಲೆ ಒಎಐ ಕ್ಯಾಶ್ (ಮೊದಲೇ ತಯಾರಿಸಿಟ್ಟ ಪ್ರತಿಗಳ ಸಂಗ್ರಹ) ಖಾಲಿ ಮಾಡಿ. ಇಲ್ಲದಿದ್ದರೆ ಹಳೆಯದೇ ಬರುತ್ತಿರುತ್ತದೆ, ನೀವು ಸರಿಯಾದ ಫೈಲನ್ನು ಮತ್ತೆ ಮತ್ತೆ ತಿದ್ದುತ್ತಿರುತ್ತೀರಿ.

ನೀವೇ ಬೇರೆಯವರಿಂದ ತರುವವರಾದರೆ, ಅಳಿಸಿದ ರೆಕಾರ್ಡ್‌ಗಳನ್ನು ಗಮನಿಸಿ. ಅವುಗಳಿಗೆ ಹೆಡರ್ ಮಾತ್ರ ಇರುತ್ತದೆ, ಮೆಟಾಡೇಟಾ ಇರುವುದಿಲ್ಲ. ಟೆಂಪ್ಲೇಟ್‌ನಲ್ಲಿ ಅವನ್ನು ಬಿಡದಿದ್ದರೆ ಖಾಲಿ ರೆಕಾರ್ಡ್‌ಗಳು ಒಳಗೆ ಬರುತ್ತವೆ.

ಈ ಕೆಲಸಕ್ಕೆ ನಮ್ಮ ಊರಿನಲ್ಲಿ ಹಳೆಯ ಬೇರು ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಇಪ್ರಿಂಟ್ಸ್ ರೆಪಾಸಿಟರಿ 2002ರಲ್ಲೇ ಶುರುವಾಯಿತು. ಮೈಸೂರು ರಸ್ತೆಯ ಡಿಆರ್‌ಟಿಸಿ ಎಂಬ ಗ್ರಂಥಾಲಯ ವಿಜ್ಞಾನದ ಕೇಂದ್ರವನ್ನು ಎಸ್.ಆರ್. ರಂಗನಾಥನ್ ಅವರು 1962ರಲ್ಲಿ ಕಟ್ಟಿದರು. ಅಲ್ಲಿ ಡಿಸ್ಪೇಸ್ ಕಲಿತು ಬಂದವರು ಇವತ್ತು ನಗರದ ಎಷ್ಟೋ ಲೈಬ್ರರಿಗಳಲ್ಲಿದ್ದಾರೆ. ಸಿಕ್ಕಿಹಾಕಿಕೊಂಡರೆ ಅವರಲ್ಲೊಬ್ಬರನ್ನು ಕೇಳಿ. ಇಲ್ಲ ಅನ್ನುವವರು ಕಡಿಮೆ.

## ಬ್ರೌಸರ್‌ಗಳು ಎಕ್ಸ್‌ಎಸ್‌ಎಲ್‌ಟಿ ಕೈಬಿಡುತ್ತವಂತೆ. ನಮ್ಮ ಕೆಲಸ ನಿಲ್ಲುತ್ತದಾ?

ಇಲ್ಲ. ಕ್ರೋಮ್‌ನಿಂದ ಅದನ್ನು ತೆಗೆಯುವುದಾಗಿ 2025ರಲ್ಲಿ ಹೇಳಿದ್ದು ನಿಜ. ಅದು ಬ್ರೌಸರ್ ಒಳಗೆ ಎಕ್ಸ್‌ಎಂಎಲ್ ಪುಟವನ್ನು ಅಂದವಾಗಿ ತೋರಿಸುವ ಬಳಕೆಗೆ ಮಾತ್ರ ತಾಗುತ್ತದೆ. ಸರ್ವರ್‌ನಲ್ಲಿ, ನಿಮ್ಮ ಕಂಪ್ಯೂಟರ್‌ನಲ್ಲಿ ಓಡುವುದಕ್ಕೆ ಏನೂ ಆಗುವುದಿಲ್ಲ.

## ಫೈಲ್ ದೊಡ್ಡದು. ಕಂಪ್ಯೂಟರ್ ನಿಂತೇಹೋಗುತ್ತದೆ.

ಸಾಮಾನ್ಯವಾಗಿ ಇಡೀ ಫೈಲ್ ಮರವಾಗಿ ಮೆಮೊರಿಗೆ ಬರುತ್ತದೆ, ಫೈಲ್‌ಗಿಂತ ಹಲವು ಪಟ್ಟು ಜಾಗ ತಿನ್ನುತ್ತದೆ. ಸಾವಿರ ಸಾವಿರ ರೆಕಾರ್ಡ್‌ಗಳಾಗಿ ಒಡೆದು ಓಡಿಸಿ. ತಪ್ಪು ಹುಡುಕುವುದೂ ಸುಲಭ.

## ಸರಿಯಾಗಿದೆ ಎಂದು ಹೇಗೆ ನಂಬಲಿ?

ನನ್ನ ಹತ್ತಿರ ಇಪ್ಪತ್ತೈದು ರೆಕಾರ್ಡ್‌ಗಳ ಒಂದು ಫೈಲ್ ಇದೆ. ಬೇಕೆಂದೇ ತೊಂದರೆಯವನ್ನು ಆರಿಸಿದ್ದೇನೆ. ಲೇಖಕರೇ ಇಲ್ಲದ್ದು, ಐದು ಲೇಖಕರಿರುವುದು, 880 ಇರುವುದು, ಇಲ್ಲದ್ದು, ಶಕ ವರ್ಷದ್ದು, ಪ್ರಕಾಶಕರ ಹೆಸರಲ್ಲಿ ಆಂಪರ್‌ಸೆಂಡ್ ಇರುವುದು, ಎರಡು ಭಾಷೆಯದ್ದು, ಬೈಂಡ್ ಮಾಡಿದ ಪತ್ರಿಕೆಯ ಸಂಪುಟ. ಸ್ಟೈಲ್‌ಶೀಟ್‌ನಲ್ಲಿ ಒಂದು ಸಾಲು ಬದಲಿಸಿದರೂ ಮೊದಲು ಇದರ ಮೇಲೆ ಓಡಿಸಿ, ಹಿಂದಿನ ಔಟ್‌ಪುಟ್ ಜೊತೆ ಹೋಲಿಸುತ್ತೇನೆ. ನಾನು ಬದಲಿಸಬೇಕೆಂದಿದ್ದ ಜಾಗ ಮಾತ್ರ ಬದಲಾಗಿರಬೇಕು.

ಆಮೇಲೆ ಎಣಿಕೆ. ಒಳಗೆ ಹೋದ ರೆಕಾರ್ಡ್ ಎಷ್ಟು, ಹೊರಗೆ ಬಂದದ್ದು ಎಷ್ಟು. ಅಷ್ಟಕ್ಕೇ ನಿಲ್ಲಬೇಡಿ. ಕನ್ನಡ ಲಿಪಿಯ ಶೀರ್ಷಿಕೆ ಒಳಗೆ ಎಷ್ಟಿತ್ತು, ಹೊರಗೆ ಎಷ್ಟಿದೆ? ಇದನ್ನು ನಾನು ಮೊದಲೇ ಎಣಿಸಿದ್ದರೆ ಆ ವಿದ್ಯಾರ್ಥಿನಿ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಮಾಡ್ಸ್ ಆದರೆ ಅದರ ಸ್ಕೀಮಾ (ರಚನೆಯ ನಿಯಮಗಳ ಫೈಲ್) ಜೊತೆ ವ್ಯಾಲಿಡೇಟ್ ಮಾಡಿ. ಆದರೆ ಸ್ಕೀಮಾ ನೋಡುವುದು ಆಕಾರವನ್ನು ಮಾತ್ರ. ಲೇಖಕರ ಜಾಗದಲ್ಲಿ ಪ್ರಕಾಶಕರಿದ್ದರೂ ಅದು ಸರಿ ಎನ್ನುತ್ತದೆ. ಕೊನೆಗೆ ಮೂವತ್ತು ಪುಸ್ತಕಗಳನ್ನು ಕಪಾಟಿನಿಂದ ತಂದು, ಪರದೆಯ ಪಕ್ಕ ಇಟ್ಟು ನೋಡಿ.

## ನಾಲ್ಕೇ ತಪ್ಪು ಇವೆ. ಔಟ್‌ಪುಟ್‌ನಲ್ಲೇ ಕೈಯಿಂದ ತಿದ್ದಿಬಿಡಲಾ?

ಬೇಡ. ಮುಂದಿನ ಸಲ ಓಡಿಸಿದಾಗ ಆ ತಿದ್ದುಪಡಿ ಅಳಿಸಿಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಡೇಟಾದ ತಪ್ಪಾದರೆ ಕೋಹಾದಲ್ಲಿ ತಿದ್ದಿ. ನಿಯಮದ ತಪ್ಪಾದರೆ ಸ್ಟೈಲ್‌ಶೀಟ್‌ನಲ್ಲಿ ತಿದ್ದಿ. ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡುವುದಂತೂ ಬೇಡವೇ ಬೇಡ. ಹದಿಮೂರು ಅಂಕಿಯ ಐಎಸ್‌ಬಿಎನ್ ಅಲ್ಲಿ ವಿಜ್ಞಾನದ ಘಾತ ಸಂಖ್ಯೆಯಾಗಿ ಬದಲಾಗುತ್ತದೆ.

## ಪೈಥಾನ್ ಬರುತ್ತದೆ. ಇದನ್ನೂ ಕಲಿಯಬೇಕಾ?

ಮೂಲ ಡೇಟಾ ಎಕ್ಸೆಲ್ ಅಥವಾ ಸಿಎಸ್‌ವಿ ಆಗಿದ್ದರೆ ಪೈಥಾನ್‌ನಲ್ಲೇ ಮಾಡಿ. ಎರಡು ಕಡೆಯೂ ಎಕ್ಸ್‌ಎಂಎಲ್ ಇದ್ದರೆ ಎಕ್ಸ್‌ಎಸ್‌ಎಲ್‌ಟಿ ಕಲಿಯುವುದು ಲಾಭ. ಕೋಹಾದಲ್ಲಿ ಓದುಗರು ಹುಡುಕುವ ಓಪ್ಯಾಕ್ ಪುಟ, ಡಿಸ್ಪೇಸ್‌ನ ಒಎಐ ಎರಡೂ ಅದನ್ನೇ ಬಳಸುತ್ತವೆ. ಒಂದು ಸಲ ಕಲಿತದ್ದು ಮೂರು ಕಡೆ ಕೆಲಸಕ್ಕೆ ಬರುತ್ತದೆ.

## ನಾನು ವರ್ಗವಾಗಿ ಹೋದರೆ ಈ ಸ್ಟೈಲ್‌ಶೀಟ್ ಯಾರಿಗೆ ಅರ್ಥವಾಗುತ್ತದೆ?

ಕಾಮೆಂಟ್‌ಗಳನ್ನು ಕನ್ನಡದಲ್ಲಿ ಬರೆಯಿರಿ. ಎಕ್ಸ್‌ಎಂಎಲ್ ಯುನಿಕೋಡ್ ಮೇಲೆ ನಿಂತಿದೆ, ಕನ್ನಡ ಕಾಮೆಂಟ್‌ಗೆ ಯಾವ ಅಡ್ಡಿಯೂ ಇಲ್ಲ. ಫೈಲ್ ಯುಟಿಎಫ್-8ರಲ್ಲಿ ಸೇವ್ ಆಗಿರಲಿ, ಕಾಮೆಂಟ್ ಒಳಗೆ ಎರಡು ಹೈಫನ್ ಒಟ್ಟಿಗೆ ಬಾರದಿರಲಿ. ಏನು ಮಾಡಿದೆ ಎಂದು ಬರೆಯಬೇಡಿ, ಅದು ಕೋಡ್‌ನಲ್ಲೇ ಕಾಣುತ್ತದೆ. ಯಾಕೆ ಮಾಡಿದೆ ಎಂದು ಬರೆಯಿರಿ. ಹಾಳೆಯ ಮೂರನೇ ಕಾಲಂ ಇಲ್ಲಿಗೆ ಬರಲಿ. ಫೈಲ್‌ಗಳನ್ನು ಗಿಟ್ ಎಂಬ, ಪ್ರತಿ ಬದಲಾವಣೆಯ ದಾಖಲೆ ಇಡುವ ಸಾಫ್ಟ್‌ವೇರ್‌ನಲ್ಲಿ ಇಡಿ.

ನನ್ನ ಫೈಲ್‌ನಲ್ಲಿ ಪ್ರಕಾಶಕರ ಟೆಂಪ್ಲೇಟ್ ಮೇಲೆ ಹೀಗೆ ಬರೆದಿದೆ: "264 ಇದ್ದರೆ ಅದನ್ನು ತೆಗೆದುಕೋ, ಇಲ್ಲದಿದ್ದರೆ 260. ನಮ್ಮಲ್ಲಿ 2013ಕ್ಕೆ ಮುಂಚೆ ಮಾಡಿದ ರೆಕಾರ್ಡ್‌ಗಳಲ್ಲಿ 260 ಮಾತ್ರ ಇದೆ. ಎರಡೂ ಇರುವ ಹನ್ನೊಂದು ರೆಕಾರ್ಡ್‌ಗಳನ್ನು ಪುಸ್ತಕ ತೆಗೆದು ನೋಡಿದ್ದೇವೆ, ಹನ್ನೊಂದರಲ್ಲೂ 264 ಸರಿ."